ಇಪ್ಪತ್ತು ಜನರ ಉದ್ದನೆಯ ಕ್ಯೂ: 1978ರ ಒಂದು ಬ್ರಿಟಿಷ್ ಚುನಾವಣಾ ಪೋಸ್ಟರ್

ನೂರು ಜನ ಬರುತ್ತಾರೆ ಅಂದುಕೊಂಡಿದ್ದರು, ಬಂದವರು ಇಪ್ಪತ್ತು ಮಂದಿ. ಕ್ಯಾಮೆರಾ ಸಿದ್ಧವಾಗಿತ್ತು, ಗಡುವು ತಲೆಯ ಮೇಲಿತ್ತು, ಇನ್ನೊಂದು ದಿನ ನೋಡೋಣ ಎನ್ನುವ ಹಾಗಿರಲಿಲ್ಲ. ಆರ್ಟ್ ಡೈರೆಕ್ಟರ್ ಮಾರ್ಟಿನ್ ವಾಲ್ಷ್ ಮುಂದೆ ನೆನಪಿಸಿಕೊಂಡ ಹಾಗೆ, ಸಾಲು ಸಾಗಬೇಕಾದ ಹಾದಿಯನ್ನು ಉದ್ದನೆಯ ಹಗ್ಗ ಹಿಡಿದು ಗುರುತು ಮಾಡಿದರು. ಆ ಇಪ್ಪತ್ತೇ ಜನರನ್ನು ಒಮ್ಮೆ ಇಲ್ಲಿ, ಒಮ್ಮೆ ಅಲ್ಲಿ ನಿಲ್ಲಿಸಿ ಮತ್ತೆ ಮತ್ತೆ ಫೋಟೊ ತೆಗೆದರು. ಆಮೇಲೆ ತುಂಡುಗಳನ್ನೆಲ್ಲ ಜೋಡಿಸಿದಾಗ ನೂರಾರು ಜನರ ಕ್ಯೂ ಹಾವಿನಂತೆ ಸುತ್ತಿಕೊಂಡು ಬಂತು. ಕ್ಯೂ ಕೊನೆಗೊಳ್ಳುವ ಬಾಗಿಲಿನ ಮೇಲೆ 'ಅನ್‌ಎಂಪ್ಲಾಯ್‌ಮೆಂಟ್ ಆಫೀಸ್' ಎಂಬ ಫಲಕ, ಅಂದರೆ ಕೆಲಸ ಕಳೆದುಕೊಂಡವರು ಭತ್ಯೆಗಾಗಿ ಹೋಗುವ ಸರ್ಕಾರಿ ಕಚೇರಿ. ಮುಖಗಳು ಮಸುಕಾಗಿದ್ದವು. ಒಬ್ಬನೇ ಮನುಷ್ಯ ನಾಲ್ಕು ಕಡೆ ನಿಂತಿದ್ದಾನೆಂದು ಯಾರಿಗೂ ಗೊತ್ತಾಗಬಾರದಲ್ಲ!

ಹಾಗೆ ನಿಂತವರಲ್ಲಿ ನಿರುದ್ಯೋಗಿಗಳಿರಲಿಲ್ಲ. ಅವರು ಉತ್ತರ ಲಂಡನ್ನಿನ ಸೌತ್ ಹೆಂಡನ್ ಕಡೆಯ ಯಂಗ್ ಕನ್ಸರ್ವೇಟಿವ್ಸ್, ಅಂದರೆ ಆಗ ವಿರೋಧ ಪಕ್ಷವಾಗಿದ್ದ ಕನ್ಸರ್ವೇಟಿವ್ ಪಕ್ಷದ ಯುವ ಘಟಕದ ಕಾರ್ಯಕರ್ತರು. ಪಕ್ಷದ ನಾಯಕಿ ಮಾರ್ಗರೆಟ್ ಥ್ಯಾಚರ್ ಆರಿಸಿ ಬಂದಿದ್ದ ಫಿಂಚ್ಲಿ ಕ್ಷೇತ್ರ ಪಕ್ಕದಲ್ಲೇ ಇತ್ತು.

ಚಿತ್ರದ ಮೇಲೆ ದಪ್ಪ ಅಕ್ಷರಗಳಲ್ಲಿ ಮೂರೇ ಪದ: 'ಲೇಬರ್ ಈಸ್ನ್ಟ್ ವರ್ಕಿಂಗ್', ಅಂದರೆ ಆಗ ಅಧಿಕಾರದಲ್ಲಿದ್ದ ಲೇಬರ್ ಪಕ್ಷ ಕೆಲಸ ಮಾಡುತ್ತಿಲ್ಲ. ಕೆಳಗೆ ಸಣ್ಣದಾಗಿ, ಕನ್ಸರ್ವೇಟಿವ್ ಪಕ್ಷ ಬಂದರೆ ಬ್ರಿಟನ್ ಇದಕ್ಕಿಂತ ಚೆನ್ನಾಗಿರುತ್ತದೆ ಎನ್ನುವ ಒಂದು ಸಾಲು. 1999ರಲ್ಲಿ ಬ್ರಿಟನ್ನಿನ ಜಾಹೀರಾತು ಉದ್ಯಮದ ಪತ್ರಿಕೆ 'ಕ್ಯಾಂಪೇನ್' ಇದನ್ನೇ ಶತಮಾನದ ಪೋಸ್ಟರ್ ಎಂದು ಆರಿಸಿತು. ಕನ್ಸರ್ವೇಟಿವ್ ಪಕ್ಷದ ಅಂದಿನ ಅಧ್ಯಕ್ಷ ಲಾರ್ಡ್ ಥಾರ್ನಿಕ್ರಾಫ್ಟ್ ಅವರಂತೂ ಚುನಾವಣೆ ಗೆದ್ದುಕೊಟ್ಟದ್ದೇ ಈ ಪೋಸ್ಟರ್ ಎನ್ನುವ ಅರ್ಥದಲ್ಲಿ ಮಾತಾಡಿದರು. ನನಗೆ ಆ ಮಾತಿನ ಮೇಲೆ ಅಷ್ಟು ನಂಬಿಕೆಯಿಲ್ಲ. ಅದರ ಲೆಕ್ಕವನ್ನು ಮುಂದೆ ಕೊಡುತ್ತೇನೆ. ಹಾಗೆಂದು ಇದು ಸಾಧಾರಣ ಪೋಸ್ಟರ್ ಎನ್ನುವುದೂ ಸುಳ್ಳು. ಎದುರಾಳಿಯ ಮನೆಯೊಳಗಿನ ಚಿತ್ರವನ್ನೇ ಎತ್ತಿಕೊಂಡು ಬಂದು ಅವನ ಗೋಡೆಗೇ ಅಂಟಿಸಿದ ಕಳ್ಳತನವಿದು, ಮತ್ತು ಆ ಕಳ್ಳತನವನ್ನು ಊರಿಗೆಲ್ಲ ಸಾರಿದವನು ಕಳಕೊಂಡವನೇ.

ಯಾರ ಚಿತ್ರ ಅದು?

ಕೆಲಸವಿಲ್ಲದವರ ಸಾಲು ಬ್ರಿಟನ್ನಿನ ರಾಜಕೀಯದಲ್ಲಿ ಬಹಳ ಹಳೆಯ ಚಿತ್ರ, ಮತ್ತು ಅದು ಲೇಬರ್ ಪಕ್ಷದ ಆಸ್ತಿ. 1910ರಲ್ಲಿ ಎರಡು ಮಹಾಚುನಾವಣೆಗಳು ನಡೆದವು, ಬ್ರಿಟನ್ನಿನ ಗೋಡೆಗಳು ಪೋಸ್ಟರ್‌ಗಳಿಂದ ತುಂಬಿಹೋದ ವರ್ಷವದು. ಲಿಬರಲ್ ಪಕ್ಷದವರು ದೊಡ್ಡ ಬ್ರೆಡ್ಡು, ಚಿಕ್ಕ ಬ್ರೆಡ್ಡು ಬರೆಸುತ್ತಿದ್ದರು: ವಿದೇಶಿ ಧಾನ್ಯಕ್ಕೆ ಸುಂಕ ಹಾಕಿದರೆ ನಿಮ್ಮ ಬ್ರೆಡ್ಡು ಇಷ್ಟಾಗುತ್ತದೆ ಎಂದು ತೋರಿಸಲು. ಮತದಾನದ ಹಕ್ಕಿಗೆ ಹೋರಾಡುತ್ತಿದ್ದ ಹೆಂಗಸರು 1907ರಲ್ಲೇ ಆರ್ಟಿಸ್ಟ್ಸ್ ಸಫ್ರೇಜ್ ಲೀಗ್ ಕಟ್ಟಿಕೊಂಡು ತಾವೇ ಪೋಸ್ಟರ್ ಬರೆಯುತ್ತಿದ್ದರು, ವೋಟು ಹಾಕುವ ಹಕ್ಕು ಅವರಿಗಿನ್ನೂ ಇಲ್ಲದಿದ್ದರೂ. ಇವರ ನಡುವೆ, ಹುಟ್ಟಿ ಕೆಲವೇ ವರ್ಷವಾಗಿದ್ದ ಲೇಬರ್ ಪಕ್ಷಕ್ಕೆ ಜೆರಾಲ್ಡ್ ಸ್ಪೆನ್ಸರ್ ಪ್ರೈಸ್ ಎಂಬ ಕಲಾವಿದ ಲಿಥೋಗ್ರಾಫ್ ಪೋಸ್ಟರ್‌ಗಳನ್ನು ಮಾಡಿಕೊಟ್ಟ. ಅವುಗಳಲ್ಲಿ ಒಂದರ ಹೆಸರೇ 'ವರ್ಕ್‌ಲೆಸ್', ಕೆಲಸವಿಲ್ಲದವರು. ಮೊದಲ ಮಹಾಯುದ್ಧ ಮುಗಿದು ಸೈನಿಕರು ಊರಿಗೆ ಮರಳಿ ಬೀದಿಗೆ ಬಿದ್ದಾಗ, 1923ರ ಚುನಾವಣೆಗೆ ಅದೇ ಪ್ರೈಸ್ ಇನ್ನೊಂದನ್ನು ಮಾಡಿದ: ನಿನ್ನೆ ಕಂದಕದಲ್ಲಿ, ಇಂದು ನಿರುದ್ಯೋಗಿ.

ಆಮೇಲೆ 1930ರ ದಶಕ. 1936ರ ಅಕ್ಟೋಬರಿನಲ್ಲಿ ಹಡಗುಕಟ್ಟೆ ಮುಚ್ಚಿಹೋದ ಜ್ಯಾರೋ ಪಟ್ಟಣದಿಂದ ಇನ್ನೂರು ಗಂಡಸರು ಲಂಡನ್ನಿಗೆ ನಡೆದುಕೊಂಡೇ ಹೋದರು. ಅದರ ಫೋಟೊಗಳು ಎರಡು ತಲೆಮಾರಿನವರ ಕಣ್ಣಲ್ಲಿ ಉಳಿದವು. ಆ ದಶಕದ ಬಹುಪಾಲು ಅಧಿಕಾರದ ಬೆನ್ನೆಲುಬಾಗಿದ್ದದ್ದು ಕನ್ಸರ್ವೇಟಿವ್ ಪಕ್ಷ. ಹಾಗಾಗಿ ಕ್ಯೂ ಎಂದರೆ 'ಟೋರಿಗಳ ಕಾಲ' (ಟೋರಿ ಎಂಬುದು ಕನ್ಸರ್ವೇಟಿವ್ ಪಕ್ಷದವರ ಅಡ್ಡಹೆಸರು) ಎನ್ನುವ ಲೆಕ್ಕ ಜನರ ಮನಸ್ಸಿನಲ್ಲಿ ಕೂತುಬಿಟ್ಟಿತ್ತು. 1945ರಲ್ಲಿ ಯುದ್ಧ ಗೆದ್ದ ಚರ್ಚಿಲ್ ಚುನಾವಣೆ ಸೋತದ್ದಕ್ಕೆ ಆ ನೆನಪೂ ಒಂದು ಕಾರಣ. ಕನ್ಸರ್ವೇಟಿವ್ ಪಕ್ಷ ಆ ಸಲ ಚರ್ಚಿಲ್ ಭಾವಚಿತ್ರ ಹಾಕಿ, ಕೆಲಸ ಪೂರ್ತಿ ಮಾಡಲು ಇವರಿಗೆ ನೆರವಾಗಿ ಎಂದು ಕೇಳಿತು. ಲೇಬರ್ ಪಕ್ಷದವರು ಇನ್ನು ಶಾಂತಿಯನ್ನು ಗೆಲ್ಲೋಣ ಎಂದರು. ಜನ ಎರಡನೆಯದನ್ನು ಆರಿಸಿದರು.

ನಿರುದ್ಯೋಗದ ಮಾತು ಎತ್ತಿದರೆ ಏಟು ತಮಗೇ ಬೀಳುತ್ತದೆ ಎಂಬ ಅಂಜಿಕೆ ಹೀಗೆ ಕನ್ಸರ್ವೇಟಿವ್ ಪಕ್ಷದಲ್ಲಿ ಬೇರುಬಿಟ್ಟಿತ್ತು. 1959ರಲ್ಲಿ ಅವರು ಕಾಲ್ಮನ್ ಪ್ರೆಂಟಿಸ್ ಅಂಡ್ ವಾರ್ಲಿ ಎಂಬ ಏಜೆನ್ಸಿಯಿಂದ ಮಾಡಿಸಿದ ಪ್ರಚಾರ ನೋಡಿ: ಕನ್ಸರ್ವೇಟಿವ್ ಜೊತೆ ಬದುಕು ಚೆನ್ನಾಗಿದೆ, ಲೇಬರ್ ಪಕ್ಷ ಅದನ್ನು ಕೆಡಿಸದಿರಲಿ. ಅದರಲ್ಲಿ ನಗುವ ಕುಟುಂಬವಿದೆ, ತಟ್ಟೆಯಲ್ಲಿ ಊಟವಿದೆ, ಕ್ಯೂ ಎಲ್ಲೂ ಇಲ್ಲ.

ಗೋಡೆಗೆ ಇಷ್ಟು ಬೆಲೆ ಏಕೆ?

ಅಮೆರಿಕದ ಚುನಾವಣೆಗಳನ್ನು ನೋಡಿದವರಿಗೆ ಒಂದು ಪ್ರಶ್ನೆ ಏಳಬಹುದು. 1978ರಲ್ಲಿ, ಮನೆಮನೆಗೆ ಟಿವಿ ಬಂದಿದ್ದ ಕಾಲದಲ್ಲಿ, ಪಕ್ಷವೊಂದು ಕಾಗದ ಅಂಟಿಸುವುದಕ್ಕೆ ಇಷ್ಟೇಕೆ ತಲೆ ಕೆಡಿಸಿಕೊಂಡಿತು? ಉತ್ತರ ಕಾನೂನಿನಲ್ಲಿದೆ. ಖಾಸಗಿ ಟಿವಿಗೆ ಅವಕಾಶ ಕೊಟ್ಟ 1954ರ ಟೆಲಿವಿಷನ್ ಕಾಯ್ದೆಯಲ್ಲೇ ಹಣ ಕೊಟ್ಟು ರಾಜಕೀಯ ಜಾಹೀರಾತು ಹಾಕಿಸುವುದಕ್ಕೆ ನಿಷೇಧವಿತ್ತು. ಆ ನಿಷೇಧ ಇವತ್ತಿಗೂ ಇದೆ. ಪಕ್ಷಗಳಿಗೆ ಸಿಗುವುದು ಉಚಿತವಾಗಿ ಹಂಚಿದ ಕೆಲವು ನಿಮಿಷಗಳ ಪ್ರಸಾರ ಮಾತ್ರ, ಎದ್ದು ಚಹಾ ಮಾಡಿಕೊಳ್ಳುವ ಸಮಯವೆಂದು ವೀಕ್ಷಕರು ಅದನ್ನು ಕಾಣುತ್ತಿದ್ದರು. ಹಣ ಸುರಿಯಬೇಕೆಂದರೆ ಉಳಿದದ್ದು ಪತ್ರಿಕೆ ಮತ್ತು ಹೋರ್ಡಿಂಗ್. ಬ್ರಿಟನ್ನಿನಲ್ಲಿ ಹೋರ್ಡಿಂಗ್‌ನ ಮಾಮೂಲಿ ಅಳತೆ 'ನಲವತ್ತೆಂಟು ಶೀಟ್', ಅಂದರೆ ಇಪ್ಪತ್ತು ಅಡಿ ಅಗಲ, ಹತ್ತು ಅಡಿ ಎತ್ತರ.

ಖರ್ಚಿನ ಮಾತೂ ಇದೆ. ಅಭ್ಯರ್ಥಿ ತನ್ನ ಕ್ಷೇತ್ರದಲ್ಲಿ ಎಷ್ಟು ಖರ್ಚು ಮಾಡಬಹುದು ಎಂಬುದಕ್ಕೆ 1883ರಿಂದಲೇ ಮಿತಿಯಿತ್ತು. ಆದರೆ ಯಾವ ಅಭ್ಯರ್ಥಿಯ ಹೆಸರೂ ಇಲ್ಲದೆ ದೇಶಕ್ಕೆಲ್ಲ ಸೇರಿ ಮಾಡುವ ಪ್ರಚಾರ ಆ ಲೆಕ್ಕಕ್ಕೆ ಬರುವುದಿಲ್ಲ ಎಂದು 1952ರಲ್ಲಿ ನ್ಯಾಯಾಲಯ ಹೇಳಿತು. ಟ್ರೋನೋ ಮೈನ್ಸ್ ಎಂಬ ತವರದ ಗಣಿ ಕಂಪನಿಯೊಂದು ಚುನಾವಣೆ ಹೊತ್ತಿಗೆ ಪತ್ರಿಕೆಯಲ್ಲಿ ಲೇಬರ್ ವಿರುದ್ಧ ಜಾಹೀರಾತು ಕೊಟ್ಟಿದ್ದರ ಮೊಕದ್ದಮೆ ಅದು. ರಾಷ್ಟ್ರಮಟ್ಟದ ಖರ್ಚಿಗೆ ಮೂಗುದಾರ ಬಿದ್ದದ್ದು 2000ದ ಕಾಯ್ದೆಯಲ್ಲಿ. ಅಂದರೆ 1978ರಲ್ಲಿ ಚುನಾವಣೆ ಘೋಷಣೆಯಾಗುವ ಮೊದಲೇ ಹೋರ್ಡಿಂಗ್ ಬಾಡಿಗೆಗೆ ಪಡೆಯಲು ಯಾರ ಅಡ್ಡಿಯೂ ಇರಲಿಲ್ಲ.

ಆ ಆಗಸ್ಟ್

ಜೇಮ್ಸ್ ಕ್ಯಾಲಹನ್ ಅವರದು ಅಲ್ಪಮತದ ಲೇಬರ್ ಸರ್ಕಾರ. 1977ರ ಮಾರ್ಚಿನಿಂದ ಲಿಬರಲ್ ಪಕ್ಷದ ಊರುಗೋಲು ಹಿಡಿದು ನಡೆದಿತ್ತು, 1978ರ ಬೇಸಿಗೆಗೆ ಆ ಒಪ್ಪಂದವೂ ಮುಗಿಯಿತು. ಶರತ್ಕಾಲದಲ್ಲಿ ಚುನಾವಣೆ ಎಂದು ಎಲ್ಲರೂ ಅಂದುಕೊಂಡಿದ್ದರು. ಬೆಲೆಯೇರಿಕೆ ಹತೋಟಿಗೆ ಬಂದಿತ್ತು, ಕ್ಯಾಲಹನ್ ಅವರನ್ನು ಜನ ಥ್ಯಾಚರ್‌ಗಿಂತ ಹೆಚ್ಚು ಇಷ್ಟಪಡುತ್ತಿದ್ದರು. ಆದರೆ ಕೆಲಸವಿಲ್ಲದವರ ಸಂಖ್ಯೆ ಸುಮಾರು 15 ಲಕ್ಷ. ಯುದ್ಧಾನಂತರದ ಬ್ರಿಟನ್ನಿಗೆ ಅದು ದೊಡ್ಡ ಅಂಕಿ, ಅದರಲ್ಲೂ 'ಕಾರ್ಮಿಕ' ಎಂದೇ ಹೆಸರಿಟ್ಟುಕೊಂಡ ಪಕ್ಷಕ್ಕೆ ಮುಜುಗರದ ಅಂಕಿ.

ಥ್ಯಾಚರ್ ಪಕ್ಷದ ಪ್ರಚಾರದ ಹೊಣೆ ಗಾರ್ಡನ್ ರೀಸ್ ಎಂಬ ಮಾಜಿ ಟಿವಿ ನಿರ್ಮಾಪಕರದ್ದಾಗಿತ್ತು. ಅವರು ಕರೆತಂದದ್ದು ಸಾಚಿ ಅಂಡ್ ಸಾಚಿ ಏಜೆನ್ಸಿಯನ್ನು. ಬಾಗ್ದಾದಿನಲ್ಲಿ ಹುಟ್ಟಿದ ಯಹೂದಿ ಅಣ್ಣತಮ್ಮಂದಿರು, ಚಾರ್ಲ್ಸ್ ಮತ್ತು ಮಾರಿಸ್, 1970ರಲ್ಲಿ ಕಟ್ಟಿದ ಸಂಸ್ಥೆ. ಗಂಡಸೊಬ್ಬ ಬಸುರಿಯಾಗಿರುವ ಫೋಟೊ ಹಾಕಿ, ನೀವೇ ಬಸುರಾಗುವಂತಿದ್ದರೆ ಇನ್ನಷ್ಟು ಜಾಗ್ರತೆ ವಹಿಸುತ್ತಿದ್ದಿರಲ್ಲವೇ ಎಂದು ಕೇಳಿದ ಆರೋಗ್ಯ ಪ್ರಚಾರದ ಪೋಸ್ಟರ್ ಚಾರ್ಲ್ಸ್ ಅವರ ಬಳಗದ್ದೇ. ಚುನಾವಣೆಯ ಅನುಭವ ಅವರಿಗಿರಲಿಲ್ಲ, ಮಾರುಕಟ್ಟೆಯ ಅನುಭವವಿತ್ತು. ಪಕ್ಷದ ಜೊತೆಗಿನ ಒಡನಾಟ ನೋಡಿಕೊಂಡವರು ಟಿಮ್ ಬೆಲ್. ಆ ಮೂರು ಪದ ಬರೆದ ಕಾಪಿರೈಟರ್ ಆಂಡ್ರ್ಯೂ ರದರ್‌ಫರ್ಡ್.

ಆ ಮೂರು ಪದಗಳನ್ನು ಕನ್ನಡಕ್ಕೆ ತರಲು ಕೂತರೆ ಒಂದು ತಮಾಷೆ ಕಾಣುತ್ತದೆ. ಶ್ಲೇಷೆಯ ಅರ್ಧ ಭಾಗ ನಮ್ಮಲ್ಲೂ ಸಲೀಸಾಗಿ ನಡೆಯುತ್ತದೆ: ಮಾತ್ರೆ ಕೆಲಸ ಮಾಡಲಿಲ್ಲ ಎನ್ನುತ್ತೇವೆ, ಮಿಕ್ಸಿ ಕೆಲಸ ಮಾಡುತ್ತಿಲ್ಲ ಎನ್ನುತ್ತೇವೆ, ಮಗ ಎಲ್ಲೂ ಕೆಲಸ ಮಾಡುತ್ತಿಲ್ಲ ಎಂದೂ ಎನ್ನುತ್ತೇವೆ. ಕೈಕೊಡುವುದು 'ಲೇಬರ್'. ಅದು ಪಕ್ಷದ ಹೆಸರೂ ಹೌದು, ದುಡಿಮೆಯೂ ಹೌದು, ದುಡಿಯುವ ಜನವೂ ಹೌದು. ಲೇಬರ್ ಪಕ್ಷದಿಂದ ಪ್ರಯೋಜನವಾಗುತ್ತಿಲ್ಲ, ದುಡಿಯುವವರಿಗೆ ದುಡಿಮೆಯಿಲ್ಲ. ಒಂದನ್ನು ಓದಿದರೆ ಇನ್ನೊಂದು ತಾನಾಗಿ ಕಿವಿಗೆ ಬೀಳುತ್ತದೆ. ಪಕ್ಷ ತನ್ನ ಹೆಸರಿನೊಳಗೆ ಇಟ್ಟುಕೊಂಡಿದ್ದ ಹೆಮ್ಮೆಯನ್ನೇ ತಿರುಗಿಸಿ ಹಿಡಿದ ಕೈಚಳಕ ಇದು.

ಥ್ಯಾಚರ್ ಮೊದಲು ಒಪ್ಪಲಿಲ್ಲವೆಂದು ಏಜೆನ್ಸಿಯ ಕಡೆಯವರು ಆಮೇಲೆ ಹೇಳಿಕೊಂಡಿದ್ದಾರೆ. ನಮ್ಮ ಪೋಸ್ಟರಿನಲ್ಲಿ ಎಲ್ಲಕ್ಕಿಂತ ದೊಡ್ಡ ಅಕ್ಷರದಲ್ಲಿ ಎದುರು ಪಕ್ಷದ ಹೆಸರೇಕೆ ಎನ್ನುವುದು ಅವರ ತಕರಾರು. ದಿನಸಿ ಅಂಗಡಿಯವರ ಮಗಳು ಕೇಳಬೇಕಾದ ಪ್ರಶ್ನೆಯೇ ಅದು, ಎದುರಂಗಡಿಯ ಬೋರ್ಡನ್ನು ಯಾರು ತಾನೇ ತಮ್ಮ ಬಾಗಿಲಿಗೆ ಹಾಕಿಕೊಳ್ಳುತ್ತಾರೆ? ಆದರೂ ಕೊನೆಗೆ ಒಪ್ಪಿದರು.

ಪೋಸ್ಟರ್ ಹೊರಬಂದದ್ದು ಆಗಸ್ಟಿನಲ್ಲಿ. ಸಂಸತ್ತಿಗೆ ರಜೆ, ಮಂತ್ರಿಗಳು ಊರಲ್ಲಿಲ್ಲ, ಪತ್ರಿಕೆಗಳಿಗೆ ಸುದ್ದಿಯ ಬರ. ಮೊದಲ ಹಂತದಲ್ಲಿ ಹಚ್ಚಿದ್ದು ಸುಮಾರು ಇಪ್ಪತ್ತು ಜಾಗಗಳಲ್ಲಿ ಮಾತ್ರ ಎನ್ನುತ್ತಾರೆ. ಆ ದಾರಿಯಲ್ಲಿ ಬಸ್ಸು ಹಿಡಿದವರಷ್ಟೇ ನೋಡಿ, ಮರೆತು, ಕಥೆ ಅಲ್ಲಿಗೆ ಮುಗಿಯಬಹುದಿತ್ತು.

ಮುಗಿಯದಂತೆ ನೋಡಿಕೊಂಡದ್ದು ಲೇಬರ್ ಪಕ್ಷ. ಹಣಕಾಸು ಸಚಿವ ಡೆನಿಸ್ ಹೀಲಿ ಸಿಟ್ಟಿಗೆದ್ದರು. ಆ ಸಾಲಿನಲ್ಲಿರುವವರು ನಿಜವಾದ ನಿರುದ್ಯೋಗಿಗಳಲ್ಲ, ಸಾಚಿ ಏಜೆನ್ಸಿಯ ನೌಕರರು, ಇದು ಮೋಸ ಎಂದು ದೂರಿದರು. ಅರ್ಧ ಸರಿ, ಅರ್ಧ ತಪ್ಪು: ನಿರುದ್ಯೋಗಿಗಳಲ್ಲ ಎಂಬುದು ನಿಜ, ನೌಕರರು ಎಂಬುದು ಸುಳ್ಳು. ಸರಿ ತಪ್ಪಿಗಿಂತ ಮುಖ್ಯವಾದದ್ದು ಬೇರೆ. ಮಂತ್ರಿಯೇ ಪೋಸ್ಟರಿನ ಬಗ್ಗೆ ಮಾತಾಡಿದ ಮೇಲೆ ಅದು ಸುದ್ದಿಯಾಯಿತು. ಸುದ್ದಿಯಾದ ಮೇಲೆ ಯಾವ ಪೋಸ್ಟರ್ ಎಂದು ತೋರಿಸಬೇಕಲ್ಲ, ಪತ್ರಿಕೆಗಳು ಅಚ್ಚು ಹಾಕಿದವು, ಟಿವಿ ಸುದ್ದಿಯಲ್ಲಿ ಕ್ಯಾಮೆರಾ ಅದರ ಮೇಲೆ ಓಡಾಡಿತು. ಕೋಟಿ ಕೊಟ್ಟರೂ ರಾಜಕೀಯ ಜಾಹೀರಾತಿಗೆ ಜಾಗವಿಲ್ಲದ ಪರದೆಯ ಮೇಲೆ ಒಂದು ರಾಜಕೀಯ ಜಾಹೀರಾತು ದಿನಗಟ್ಟಲೆ ಬಿಟ್ಟಿಯಾಗಿ ಓಡಿತು.

ಹೀಲಿ ದಡ್ಡರಲ್ಲ, ಆ ಸಂಪುಟದ ಅತ್ಯಂತ ಚುರುಕು ತಲೆಗಳಲ್ಲಿ ಅವರದೂ ಒಂದು. ಆದರೂ ಎಡವಿದರು. ಅವರ ಜಾಗದಲ್ಲಿ ನಿಂತು ಯೋಚಿಸಿದರೆ ಕಾರಣ ಹೊಳೆಯುತ್ತದೆ. ಬೇರೆ ಯಾವ ಬೈಗುಳವಾಗಿದ್ದರೂ ನಕ್ಕು ಸುಮ್ಮನಿರುತ್ತಿದ್ದರೇನೋ. ಇದು ತಮ್ಮ ಪಕ್ಷದ ಹಿರಿಯರು ಹಸಿದ ದಿನಗಳ ಚಿತ್ರ, ಅದನ್ನು ಹೆಂಡನ್‌ನ ಹೊಟ್ಟೆ ತುಂಬಿದ ಟೋರಿ ಹುಡುಗರ ಕೈಲಿ ವೇಷ ಹಾಕಿಸಿ ಆಡಿಸಿದ್ದಾರೆ ಎನ್ನುವ ಉರಿ. ಆ ಉರಿಯಲ್ಲಿ 'ಇವರು ಯಾರು' ಎಂದು ಕೇಳಿದರು. ಕೇಳಿದ ಕೂಡಲೇ ಜನ ಮರುಪ್ರಶ್ನೆಗೆ ಹೋದರು: ಇವರು ಅಲ್ಲದಿದ್ದರೆ ಬಿಡಿ, ಆ 15 ಲಕ್ಷ ಎಲ್ಲಿದ್ದಾರೆ?

ಗೆಲ್ಲಿಸಿತೇ?

ಸೆಪ್ಟೆಂಬರ್ 5ರಂದು ಬ್ರೈಟನ್‌ನಲ್ಲಿ ಕಾರ್ಮಿಕ ಸಂಘಗಳ ಸಮಾವೇಶದಲ್ಲಿ ಕ್ಯಾಲಹನ್, ಮದುವೆಗೆ ಬರದ ವರನಿಗಾಗಿ ಚರ್ಚಿನಲ್ಲಿ ಕಾಯುತ್ತ ನಿಂತ ಹುಡುಗಿಯ ಹಳೆಯ ಹಾಡೊಂದನ್ನು ಹಾಡಿದರು. ಏನು ಹೇಳುತ್ತಿದ್ದಾರೆಂದು ಅಲ್ಲಿದ್ದವರಿಗೆ ಅರ್ಥವಾಗಲಿಲ್ಲ. ಎರಡು ದಿನ ಬಿಟ್ಟು ಟಿವಿಯಲ್ಲಿ ಬಂದು ಈ ವರ್ಷ ಚುನಾವಣೆ ಇಲ್ಲ ಎಂದರು. ಪೋಸ್ಟರಿಗೆ ಹೆದರಿ ಹಿಂದೆ ಸರಿದರು ಎಂಬ ಕಥೆ ಇಲ್ಲಿಂದ ಹುಟ್ಟಿತು. ಕೇಳಲು ಚೆನ್ನಾಗಿದೆ. ಆದರೆ ಕ್ಯಾಲಹನ್ ಅವರನ್ನು ಹಿಂದೆ ಎಳೆದದ್ದು ಹೆಚ್ಚಾಗಿ ಸಮೀಕ್ಷೆಗಳ ಲೆಕ್ಕ. ಆ ಬೇಸಿಗೆಯಲ್ಲಿ ಸಸೆಕ್ಸ್‌ನ ತಮ್ಮ ತೋಟದ ಮನೆಯಲ್ಲಿ ಕೂತು ಕೂಡಿ ಕಳೆದಾಗ ಸ್ಪಷ್ಟ ಬಹುಮತ ಅವರಿಗೆ ಕಾಣಲಿಲ್ಲ. ಇನ್ನೊಂದು ಅಲ್ಪಮತದ ಸರ್ಕಾರಕ್ಕೆ ಚುನಾವಣೆಯ ತಲೆನೋವು ಏಕೆ ಎನ್ನಿಸಿತು. ಆ ಗೊಂದಲಕ್ಕೆ ಪೋಸ್ಟರ್ ಒಂದು ಚಮಚ ಉಪ್ಪು ಹಾಕಿರಬಹುದು.

ಅದಕ್ಕಿಂತ ಗಟ್ಟಿಯಾದ ಸಾಕ್ಷಿ ಮುಂದಿನ ತಿಂಗಳುಗಳದು. ಪೋಸ್ಟರ್ ಅಷ್ಟೆಲ್ಲ ಗದ್ದಲ ಮಾಡಿದ ಮೇಲೆ, ಅಕ್ಟೋಬರ್ ನವೆಂಬರಿನ ಗ್ಯಾಲಪ್ ಸಮೀಕ್ಷೆಗಳಲ್ಲಿ ಮುಂದಿದ್ದದ್ದು ಲೇಬರ್ ಪಕ್ಷ! ಪೋಸ್ಟರ್ ಓಟು ತಿರುಗಿಸಿದ್ದರೆ ಆಗ ಕಾಣಬೇಕಿತ್ತು. ಲೆಕ್ಕ ತಲೆಕೆಳಗಾದದ್ದು ಚಳಿಗಾಲದಲ್ಲಿ. ಸರ್ಕಾರ ಸಂಬಳದ ಏರಿಕೆಗೆ ಶೇ 5ರ ಮಿತಿ ಹಾಕಿತ್ತು. ಫೋರ್ಡ್ ಕಾರ್ಮಿಕರು ಮುಷ್ಕರ ಹೂಡಿ ಶೇ 17ರಷ್ಟು ಪಡೆದರು. ಅಲ್ಲಿಗೆ ಕಟ್ಟೆ ಒಡೆಯಿತು. ಜನವರಿಯಲ್ಲಿ ಲಾರಿ ಚಾಲಕರು, ಆಸ್ಪತ್ರೆ ಸಿಬ್ಬಂದಿ, ಕಸ ಎತ್ತುವವರು, ಲಿವರ್‌ಪೂಲ್‌ನಲ್ಲಿ ಹೆಣ ಹೂಳುವವರು ಕೂಡ ಕೆಲಸ ನಿಲ್ಲಿಸಿದರು. ಫೆಬ್ರವರಿಯ ಗ್ಯಾಲಪ್‌ನಲ್ಲಿ ಕನ್ಸರ್ವೇಟಿವ್ ಪಕ್ಷ ಸುಮಾರು 20 ಅಂಶ ಮುಂದಿತ್ತು.

ಇಲ್ಲೇ ಪೋಸ್ಟರಿನ ಅದೃಷ್ಟ ಖುಲಾಯಿಸಿದ್ದು. ಆಗಸ್ಟಿನಲ್ಲಿ ಆ ಸಾಲಿಗೆ ಎರಡು ಅರ್ಥವಿದ್ದವು. ಚಳಿಗಾಲ ಬಂದಾಗ ಮೂರನೆಯದು ತಾನಾಗಿ ಸೇರಿಕೊಂಡಿತು: ಕಾರ್ಮಿಕರು ಕೆಲಸ ಮಾಡುತ್ತಿಲ್ಲ, ಏಕೆಂದರೆ ಮುಷ್ಕರದಲ್ಲಿದ್ದಾರೆ. ರದರ್‌ಫರ್ಡ್ ಬರೆಯುವಾಗ ಇದು ಅವರ ಮನಸ್ಸಿನಲ್ಲಿರಲು ಸಾಧ್ಯವೇ ಇಲ್ಲ. ನಿರುದ್ಯೋಗಕ್ಕೆಂದು ಹೊಲಿಸಿದ ಅಂಗಿ ಮುಷ್ಕರಕ್ಕೆ ಅದಕ್ಕಿಂತ ಚೆನ್ನಾಗಿ ಕೂತಿತು. ನಿರುದ್ಯೋಗದ ಅಂಕಿ ಆ ಹೊತ್ತಿಗೆ ಸ್ವಲ್ಪ ಇಳಿದೇ ಇತ್ತು, ಅದನ್ನು ಯಾರೂ ಗಮನಿಸಲಿಲ್ಲ. 1979ರ ಮಾರ್ಚ್ 28ರಂದು ಸರ್ಕಾರ ಅವಿಶ್ವಾಸ ನಿರ್ಣಯದಲ್ಲಿ 311–310ರಿಂದ, ಒಂದೇ ಮತದಿಂದ ಬಿತ್ತು. ಚುನಾವಣೆಗೆ ಅದೇ ಪೋಸ್ಟರ್ ಮತ್ತೆ ಬಂತು, 'ಸ್ಟಿಲ್' ಎಂಬ ಒಂದು ಪದ ಸೇರಿಸಿಕೊಂಡು: ಇನ್ನೂ ಕೆಲಸ ಮಾಡುತ್ತಿಲ್ಲ. ಮೇ 3ರಂದು ಕನ್ಸರ್ವೇಟಿವ್ ಪಕ್ಷ 339 ಸ್ಥಾನ ಗೆದ್ದಿತು, ಲೇಬರ್ 269.

ಆಮೇಲೆ

ಗೆದ್ದವರನ್ನು ಆ ಕ್ಯೂ ಬೆನ್ನಟ್ಟಿ ಬಂತು. 1982ರ ಜನವರಿಯಲ್ಲಿ, ಥ್ಯಾಚರ್ ಅಧಿಕಾರಕ್ಕೆ ಬಂದು ಮೂರು ವರ್ಷ ತುಂಬುವ ಮೊದಲೇ, ನಿರುದ್ಯೋಗಿಗಳ ಸಂಖ್ಯೆ 30 ಲಕ್ಷ ದಾಟಿತು. ಪೋಸ್ಟರಿನ ಕಾಲದ ಎರಡು ಪಟ್ಟು. ಆದರೂ 1983ರಲ್ಲಿ ಥ್ಯಾಚರ್ ಇನ್ನೂ ದೊಡ್ಡ ಬಹುಮತದಿಂದ ಗೆದ್ದರು. ಫಾಕ್‌ಲ್ಯಾಂಡ್ಸ್ ಯುದ್ಧ, ಒಡೆದ ವಿರೋಧ ಪಕ್ಷ, ಕಾರಣಗಳು ಹಲವು. ಅವುಗಳ ಜೊತೆಗೆ ನನ್ನದೊಂದು ಅನುಮಾನವನ್ನೂ ಸೇರಿಸುತ್ತೇನೆ: ಕ್ಯೂ ಎಂದರೆ ಟೋರಿಗಳು ಎನ್ನುವ ಹಳೆಯ ನೆನಪಿನ ಕೊಂಡಿ 1978ರಲ್ಲೇ ಸಡಿಲವಾಗಿತ್ತು.

ಪ್ರಚಾರದವರು ಕಲಿತದ್ದು ಮಾತ್ರ ಬೇರೆ ಪಾಠ. ಇಪ್ಪತ್ತು ಜಾಗ ಸಾಕು, ಗಲಾಟೆ ಎಬ್ಬಿಸಿದರೆ ಉಳಿದದ್ದನ್ನು ಸುದ್ದಿಯವರು ನೋಡಿಕೊಳ್ಳುತ್ತಾರೆ. 1992ರ ಕನ್ಸರ್ವೇಟಿವ್ ಪ್ರಚಾರದಲ್ಲಿ 'ಲೇಬರ್ ಪಕ್ಷದ ತೆರಿಗೆ ಬಾಂಬು' ಬಂತು. 1996ರ ಆಗಸ್ಟಿನಲ್ಲಿ, ಮತ್ತದೇ ರಜೆಯ ತಿಂಗಳಲ್ಲಿ, ಲೇಬರ್ ನಾಯಕ ಟೋನಿ ಬ್ಲೇರ್ ಮುಖಕ್ಕೆ ಪಿಶಾಚಿಯ ಕೆಂಪು ಕಣ್ಣು ಹಚ್ಚಿದ ಕನ್ಸರ್ವೇಟಿವ್ ಜಾಹೀರಾತು ಬಂದು ದೂರು, ವಿಚಾರಣೆ, ಚರ್ಚೆ ಎಲ್ಲವೂ ಆಯಿತು. ಮರುವರ್ಷ ಬ್ಲೇರ್ ಭಾರಿ ಬಹುಮತದಿಂದ ಗೆದ್ದರು, ಅಲ್ಲಿಗೆ ಗಲಾಟೆಯೂ ಗೆಲುವೂ ಒಂದೇ ಅಲ್ಲ ಎಂಬುದು ತೀರ್ಮಾನವಾಯಿತು. 2010ರಲ್ಲಿ ಕನ್ಸರ್ವೇಟಿವ್ ನಾಯಕ ಡೇವಿಡ್ ಕ್ಯಾಮರನ್ ಅವರ ನುಣುಪಾಗಿ ತಿದ್ದಿದ ಮುಖದ ಪೋಸ್ಟರ್ ಬಂದಾಗ ಜನರೇ ಅಂತರ್ಜಾಲದಲ್ಲಿ ಅದರ ಅಕ್ಷರ ಬದಲಿಸಿ ನೂರಾರು ಅಣಕು ಪೋಸ್ಟರ್ ಮಾಡಿ ಹಂಚಿದರು. ಹೀಲಿ ಮಾಡಿಕೊಟ್ಟ ಪುಕ್ಕಟೆ ಪ್ರಚಾರದ ಯಂತ್ರ ಈ ಸಲ ಹಿಂದುಮುಂದಾಗಿ ತಿರುಗಿತು.

ಕ್ಯೂ ಮತ್ತೊಮ್ಮೆ ಬಂದದ್ದು 2016ರ ಜೂನ್ 16ರಂದು, ಯುರೋಪಿಯನ್ ಒಕ್ಕೂಟದಲ್ಲಿ ಇರಬೇಕೋ ಬಿಡಬೇಕೋ ಎಂಬ ಜನಮತಗಣನೆಗೆ ಒಂದು ವಾರವಿರುವಾಗ. ಒಕ್ಕೂಟ ಬಿಡಬೇಕೆನ್ನುತ್ತಿದ್ದ ಯುಕಿಪ್ ಪಕ್ಷದ ನೈಜೆಲ್ ಫರಾಜ್ ಲಂಡನ್ನಿನಲ್ಲಿ 'ಬ್ರೇಕಿಂಗ್ ಪಾಯಿಂಟ್' (ಇನ್ನು ತಾಳಲಾಗದ ಹಂತ) ಎಂಬ ಪೋಸ್ಟರ್ ಹಿಡಿದು ನಿಂತರು. ಅದರಲ್ಲಿಯೂ ಸುತ್ತಿಕೊಂಡು ಬರುವ ಜನರ ಉದ್ದನೆಯ ಸಾಲು, ಮೇಲೆ ದಪ್ಪ ಅಕ್ಷರ. ಪೊಲೀಸರಿಗೆ ದೂರು ಹೋಯಿತು, ಒಕ್ಕೂಟ ಬಿಡಬೇಕೆನ್ನುವ ಪಾಳಯದವರೇ ಕೆಲವರು ಛೀ ಎಂದರು, ಎಲ್ಲ ಚಾನೆಲ್‌ಗಳಲ್ಲೂ ಚಿತ್ರ ಓಡಿತು. ಈ ಸಲ ಹಗ್ಗ ಹಿಡಿಯುವ, ತುಂಡು ಜೋಡಿಸುವ ಕೆಲಸ ಇರಲಿಲ್ಲ. ಫೋಟೊ ಅಸಲಿ, ಅದರಲ್ಲಿದ್ದವರು ನಿಜವಾಗಿ ಊರು ಬಿಟ್ಟು ಬಂದವರು. ಅದನ್ನು ತೆಗೆದದ್ದು 2015ರಲ್ಲಿ, ಬ್ರಿಟನ್ನಿನಿಂದ ಸಾವಿರ ಕಿಲೋಮೀಟರಿಗೂ ಆಚೆ, ಕ್ರೊಯೇಷಿಯಾ ಮತ್ತು ಸ್ಲೊವೇನಿಯಾದ ಗಡಿಯಲ್ಲಿ.